ಜಮೀನಿನ ಕ್ರಯ ಮತ್ತು ಅಡಮಾನ: ರೈತರ ಪ್ರಶ್ನೆಗಳಿಗೆ ಉತ್ತರ

ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಕೆರೆ ಮತ್ತು ಕೊಳವೆಬಾವಿಗಳನ್ನೇ ನಂಬಿ ರೇಷ್ಮೆ, ಟೊಮೆಟೊ, ಮಾವು ಬೆಳೆಯುವ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರಿಗೆ ಒಮ್ಮೆಲೇ ಹಣ ಬೇಕಾಗುವ ಸಂದರ್ಭಗಳು ಹಲವು. ಕೊರೆಸಿದ ಬಾವಿಯಲ್ಲಿ ನೀರು ಬೀಳದಿರಬಹುದು. ಟೊಮೆಟೊ ಧಾರಣೆ ಕೀಳುವ ಕೂಲಿಯೂ ಹುಟ್ಟದಷ್ಟು ಇಳಿಯಬಹುದು. ಇಂಥ ವೇಳೆಯಲ್ಲಿ ಅವಸರದಿಂದ ಸಹಿ ಹಾಕಿದ ಒಂದು ಕಾಗದದಿಂದ ತಲೆಮಾರಿನ ಜಮೀನು ಕೈಬಿಟ್ಟು ಹೋಗುವುದುಂಟು. ಬೆಳೆಯ ವಿಷಯ ಮಾತನಾಡಲು ಹಳ್ಳಿಗಳಿಗೆ ಹೋದಾಗ ರೈತರು ಜಮೀನಿನ ಕಾಗದಗಳ ಬಗ್ಗೆಯೂ ಕೇಳುತ್ತಾರೆ. ಅಂಥ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಇಲ್ಲಿ ವಿವರಿಸಲಾಗಿದೆ.

1. ಸಾಲ ಕೊಡುವವರು ಭದ್ರತೆಗೆಂದು ಕ್ರಯಪತ್ರ ಕೇಳುತ್ತಾರೆ. ಹಣ ತೀರಿಸಿದಾಗ ವಾಪಸು ಬರೆದುಕೊಡುವುದಾಗಿ ಹೇಳುತ್ತಾರೆ. ಬರೆದುಕೊಡಬಹುದೆ?

ಕೂಡದು. ಕ್ರಯಪತ್ರ ನೋಂದಣಿಯಾದರೆ ಜಮೀನು ಮಾರಿದಂತೆಯೇ ಸರಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಪ್ರಕರಣದಂತೆ, ಷರತ್ತಿನ ಮೇಲೆ ಮಾಡಿದ ಕ್ರಯವನ್ನು ಅಡಮಾನವೆಂದು ಪರಿಗಣಿಸಬೇಕಾದರೆ, ವಾಪಸು ಕೊಡುವ ಷರತ್ತು ಅದೇ ಪತ್ರದಲ್ಲಿ ಇರಬೇಕು. ನಮ್ಮ ಹಳ್ಳಿಗಳಲ್ಲಿ ಇದನ್ನೇ ಅವಧಿ ಕ್ರಯ ಎನ್ನುತ್ತಾರೆ. ಷರತ್ತನ್ನು ಬೇರೆ ಕಾಗದದಲ್ಲಿ ಬರೆದರೆ ಅದು ಅಡಮಾನವಾಗುವುದಿಲ್ಲ. ಬರೀ ಬಾಯಿಮಾತಾದರಂತೂ, ಕ್ರಯಪತ್ರದ ಎದುರು ಅದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಬಹು ಕಷ್ಟ. ಪಂಚರ ಮುಂದೆ ಆಡಿದ ಮಾತನ್ನು ಹತ್ತು ವರ್ಷಗಳ ನಂತರ ಹೇಳಲು ಪಂಚರೇ ಇಲ್ಲದಿರಬಹುದು. ಸಾಲ ಬೇಕಾದರೆ ಅಡಮಾನ ಪತ್ರ, ಮಾರುವುದಾದರೆ ಕ್ರಯಪತ್ರ. ಇವೆರಡನ್ನು ಎಂದಿಗೂ ಬೆರೆಸಬಾರದು.

2. ಭೋಗ್ಯಕ್ಕೆ ಕೊಟ್ಟ ಜಮೀನಿನ ಹಕ್ಕು ಯಾರದು?

ಹಕ್ಕು ನಿಮ್ಮದೇ. ಭೋಗ್ಯದಲ್ಲಿ ಜಮೀನಿನ ಸ್ವಾಧೀನ ಮಾತ್ರ ಸಾಲ ಕೊಟ್ಟವರಿಗೆ ಹೋಗುತ್ತದೆ; ಫಸಲು ಬಡ್ಡಿಗೆ, ಅಥವಾ ಬರೆದಿದ್ದರೆ ಅಸಲಿಗೂ, ವಜಾ ಆಗುತ್ತದೆ. ಫಸಲು ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿರಿ. ಮಾವಿನ ತೋಟವಾದರೆ ಮರಗಳ ಸಂಖ್ಯೆಯನ್ನು, ಬಾವಿಯಿದ್ದರೆ ಮೋಟಾರು ಪಂಪುಗಳ ವಿವರವನ್ನು ಸಹ ಕಾಣಿಸುವುದು ಒಳ್ಳೆಯದು.

ಹಣ ಕೊಟ್ಟು ಬಿಡಿಸಿಕೊಳ್ಳುವ ಹಕ್ಕನ್ನು ಕಾಯಿದೆ ರಕ್ಷಿಸುತ್ತದೆ. ಸಾಲ ಕೊಟ್ಟವರು ಹಣ ಪಡೆಯಲು ಒಪ್ಪದಿದ್ದರೆ, ಅದೇ ಕಾಯಿದೆಯ 83ನೆಯ ಪ್ರಕರಣದಂತೆ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಹಣ ತೀರಿದ ಮೇಲೆ ಜಮೀನು ಕೈಗೆ ಬಂದಿತೆಂದು ಸುಮ್ಮನಿರಬೇಡಿ. ಬಿಡುಗಡೆ ಪತ್ರವನ್ನು ನೋಂದಾಯಿಸಿ, ಮೂಲ ಪತ್ರವನ್ನು ಹಿಂದಕ್ಕೆ ಪಡೆಯಿರಿ.

3. ಖಾಸಗಿ ಸಾಲ ತೀರಿಸಿ, ಅದೇ ಜಮೀನನ್ನು ಬ್ಯಾಂಕಿಗೆ ಅಡಮಾನ ಮಾಡಬಹುದೆ?

ಮಾಡಬಹುದು. ಖಾಸಗಿ ಲೇವಾದೇವಿಗಾರರ ಸಾಲದಲ್ಲಿ ಸಿಕ್ಕಿದ ರೈತರಿಗೆ ಬ್ಯಾಂಕುಗಳು ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕು ಆದ್ಯತಾ ವಲಯದ ಕೃಷಿ ಸಾಲದಲ್ಲಿ ಸೇರಿಸಿದೆ. ಬ್ಯಾಂಕಿಗೆ ಹೋದಾಗ ಇದನ್ನು ಹೆಸರು ಹೇಳಿ ಕೇಳಿರಿ. ಹಳೆಯ ಸಾಲದ ಪತ್ರ ನೋಂದಣಿಯಾಗಿದ್ದರೆ ಬ್ಯಾಂಕಿನವರಿಗೆ ಲೆಕ್ಕ ತೋರಿಸುವುದು ಸುಲಭ. ಬಿಳಿ ಹಾಳೆಯ ಸಾಲಕ್ಕೆ ಲೆಕ್ಕವೇ ಇರುವುದಿಲ್ಲ. ಹಣವನ್ನು ನಗದಾಗಿ ಕೈಗೆ ಪಡೆಯದೆ, ಸಾಲ ಕೊಟ್ಟವರ ಖಾತೆಗೆ ನೇರವಾಗಿ ಜಮೆ ಮಾಡಿಸಿ, ಅಂದೇ ಬಿಡುಗಡೆ ಪತ್ರ ಬರೆಸಿಕೊಳ್ಳುವುದು ಕ್ಷೇಮ.

ಬ್ಯಾಂಕು ಅಥವಾ ಸಹಕಾರ ಸಂಘದ ಬೆಳೆ ಸಾಲಕ್ಕೆ ರೈತರು ಕೊಡುವ ಘೋಷಣೆಯಿಂದಲೇ ಜಮೀನಿನ ಮೇಲೆ ಋಣ ಏರ್ಪಡುತ್ತದೆ. ಇದು ಕರ್ನಾಟಕದ 1974ರ ಕೃಷಿ ಸಾಲ ವ್ಯವಹಾರಗಳ ಕಾಯಿದೆಯ ವ್ಯವಸ್ಥೆ. ಈ ಋಣ ಪಹಣಿಯ 11ನೆಯ ಕಲಮಿನಲ್ಲಿ ದಾಖಲಾಗುತ್ತದೆ. ಸಾಲ ತೀರಿದೊಡನೆ ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು, ಆ ದಾಖಲೆಯನ್ನು ತೆಗೆಸಿ, ಹೊಸ ಪಹಣಿಯನ್ನು ಕಣ್ಣಾರೆ ನೋಡಿರಿ. ತೀರಿದ ಸಾಲ ಪಹಣಿಯಲ್ಲಿ ಉಳಿದರೆ ಮುಂದಿನ ಸಾಲಕ್ಕೆ ಅದೇ ಅಡ್ಡಿ.

4. ಪಹಣಿಯಲ್ಲಿ ಮಾರುವವರ ಹೆಸರಿದ್ದರೆ ಕೊಳ್ಳಲು ಅಷ್ಟು ಸಾಕೆ?

ಸಾಲದು. ಪಹಣಿ ಕಂದಾಯ ದಾಖಲೆಯೇ ಹೊರತು ಹಕ್ಕಿನ ಮೂಲಪತ್ರವಲ್ಲ. ಜಮೀನು ಮಾರುವವರಿಗೆ ಹೇಗೆ ಬಂದಿತು ಎಂಬುದನ್ನು ಕ್ರಯ, ವಿಭಾಗ, ದಾನ ಅಥವಾ ಮಂಜೂರಾತಿ ಪತ್ರದಿಂದ ತಿಳಿಯಬೇಕು. ಮ್ಯುಟೇಷನ್ ದಾಖಲೆಗಳನ್ನು ಹಿಂದಿನಿಂದ ಜೋಡಿಸಿ ನೋಡಿರಿ. ಕನಿಷ್ಠ 30 ವರ್ಷಗಳ ಋಣಭಾರ ಪತ್ರವನ್ನು ತೆಗೆಸಿರಿ. ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಆದ್ದರಿಂದ ಮೂಲಪತ್ರಗಳು ಮಾರುವವರ ಬಳಿಯೇ ಇವೆಯೇ ಎಂದು ವಿಚಾರಿಸಿರಿ. ನಕಲು ಮಾತ್ರ ತೋರಿಸಿದರೆ ಮೂಲ ಎಲ್ಲಿ ಅಡಮಾನವಿದೆಯೋ ಎಂದು ಸಂಶಯಪಡಿರಿ.

ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ ಅಗತ್ಯ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಡವೆಂಬ ಮಾತಿಗೆ ಕಿವಿಗೊಡಬೇಡಿ.

5. ದರಖಾಸ್ತು ಜಮೀನನ್ನು ಕೊಳ್ಳಬಹುದೆ?

ಸಾಗುವಳಿ ಚೀಟಿಯ ಷರತ್ತುಗಳನ್ನು ಓದದೆ ಮುಂಗಡ ಕೊಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, 1978ರ ಕಾಯಿದೆಯಂತೆ ಆ ಕ್ರಯ ಅಸಿಂಧು. 2023ರ ತಿದ್ದುಪಡಿಯ ನಂತರ, ಜಮೀನು ವಾಪಸು ಕೇಳುವ ಅರ್ಜಿಗೆ ಕಾಲಮಿತಿಯೂ ಇಲ್ಲ. ಈ ಕಾಯಿದೆ ಬಡ ಮಂಜೂರಾತಿದಾರರ ರಕ್ಷಣೆಗಾಗಿ ಬಂದದ್ದು. ಅಂಥ ಜಮೀನು ನಿಮ್ಮದೇ ಆಗಿದ್ದು, ಕಷ್ಟದಲ್ಲಿ ಕೈಬಿಟ್ಟು ಹೋಗಿದ್ದರೆ, ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನಿಗೂ ಪರಭಾರೆಯ ನಿರ್ಬಂಧವಿದೆ.

ಪಹಣಿಯಲ್ಲಿ ಸರ್ವೆ ನಂಬರಿನ ಮುಂದೆ 'ಪಿ' ಎಂದಿದ್ದರೆ ಪೋಡಿ ದುರಸ್ತಿಯಾಗಿಲ್ಲವೆಂದು ತಿಳಿಯಿರಿ. ಕಾಗದದಲ್ಲಿ 2 ಎಕರೆಯಿದ್ದರೂ ಅದು ನೆಲದ ಮೇಲೆ ಎಲ್ಲಿದೆಯೆಂಬುದು ಆಗ ನಿರ್ಧಾರವಾಗಿರುವುದಿಲ್ಲ.

6. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಕೊಳ್ಳುವುದು ಹೇಗೆ?

ಭೂಮಾಪನ ಇಲಾಖೆಯ 11ಇ ನಕ್ಷೆ ಬೇಕು. ಅಳತೆಯ ದಿನ ನೀವೂ, ನೆರೆಯ ಹಿಡುವಳಿದಾರರೂ ಹಾಜರಿರಿ. ಬಿ ಖರಾಬು ಸಾರ್ವಜನಿಕರದು. ಅದರಲ್ಲಿ ಬರುವ ರಾಜಕಾಲುವೆ, ದಾರಿಗಳು ಮಾರಾಟಕ್ಕೆ ಬರುವುದಿಲ್ಲ. ಬೆಂಗಳೂರಿಗೆ ಹತ್ತಿರದ ಮಾಲೂರು ಕಡೆ ಕೊಳ್ಳುವಾಗ, ಕೈಗಾರಿಕೆ ಅಥವಾ ಹೆದ್ದಾರಿಗಾಗಿ ಭೂಸ್ವಾಧೀನದ ಅಧಿಸೂಚನೆ ಆಗಿದೆಯೇ ಎಂದೂ ವಿಚಾರಿಸಿರಿ. ಕೃಷಿಕರಲ್ಲದವರು ಜಮೀನು ಕೊಳ್ಳಲು ಇದ್ದ ನಿರ್ಬಂಧ 2020ರ ತಿದ್ದುಪಡಿಯಿಂದ ಹೋಗಿರುವುದರಿಂದ ಕೊಳ್ಳುವವರೂ ಹೆಚ್ಚಿದ್ದಾರೆ. ಒಳ್ಳೆಯ ಬೆಲೆಯ ಆಸೆ ತೋರಿಸಿ ಅವಸರ ಮಾಡಿದಷ್ಟೂ ನೀವು ನಿಧಾನಿಸಿರಿ.

7. ಕರಾರುಪತ್ರ ಮತ್ತು ಜಿ.ಪಿ.ಎ. ಇದ್ದರೆ ಜಮೀನು ನಮ್ಮದಾಯಿತೆ?

ಇಲ್ಲ. ಇವುಗಳಿಂದ ಹಕ್ಕು ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ನೋಂದಾಯಿತ ಕ್ರಯಪತ್ರವೇ ಬೇಕು. ಬರೆದ ದಿನದಿಂದ 4 ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ನಂತರ ಖಾತೆ ಬದಲಾವಣೆಯಾಗಿ ಪಹಣಿಯಲ್ಲಿ ಹೆಸರು ಬಂದಿತೇ ಎಂದು ನೋಡಿಕೊಳ್ಳಬೇಕು.

ಸಹಿ ಹಾಕುವ ಮುನ್ನ

ಪತ್ರವನ್ನು ನಿಮ್ಮ ನಂಬಿಕೆಯ ಅಕ್ಷರಸ್ಥರಿಂದ ಪೂರ್ತಿ ಓದಿಸಿ ಕೇಳಿರಿ. ಪತ್ರದ ಹೆಸರೇನು, ಸರ್ವೆ ನಂಬರು ಮತ್ತು ಚಕ್ಕುಬಂದಿ ಸರಿಯಿವೆಯೇ, ಹಣ ಎಷ್ಟು, ಅವಧಿ ಎಷ್ಟು, ಈ ನಾಲ್ಕನ್ನು ಖಾತ್ರಿ ಮಾಡಿಕೊಳ್ಳಿರಿ. ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಲೇಬೇಡಿ. ಸಂಶಯವಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. 1987ರ ಕಾಯಿದೆಯಂತೆ ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ, ಇತರರಿಗೆ ಆದಾಯದ ಮಿತಿಗೆ ಒಳಪಟ್ಟು ಉಚಿತ ನೆರವು ದೊರೆಯುತ್ತದೆ.

ಒಂದು ಬೆಳೆ ಹೋದರೆ ಮುಂದಿನ ಹಂಗಾಮಿನಲ್ಲಿ ಇನ್ನೊಂದನ್ನು ಬೆಳೆಯಬಹುದು. ಜಮೀನೇ ಹೋದರೆ ಬೆಳೆಯುವುದೆಲ್ಲಿ? ಆದುದರಿಂದ ಬಿತ್ತುವ ಬೀಜವನ್ನು ಪರೀಕ್ಷಿಸುವಷ್ಟೇ ಎಚ್ಚರಿಕೆಯಿಂದ ಸಹಿ ಹಾಕುವ ಕಾಗದವನ್ನೂ ಪರೀಕ್ಷಿಸಿರಿ.