ಕೆಂಡ ಹೊರಗೆ, ಕಂಬಳಿ ಒಳಗೆ

ನಮ್ಮದು ಬೆಂಗಳೂರಿನ ಹಳೇ ವಠಾರ. ಎರಡು ಅಂತಸ್ತು. ಎಂಟು ಮನೆ. ಎಲ್ಲರಿಗೂ ಒಂದೇ ನಲ್ಲಿ.

ಪುಷ್ಯ ಮಾಸದಲ್ಲಿ ಕೊರೆಯೋ ಚಳಿ. ಬೆಳಿಗ್ಗೆ ಬಿಂದಿಗೆ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಬಿಸಿಲು ಬಂದ ಮೇಲೆ ನಾವೆಲ್ಲ ಮೆಟ್ಟಿಲ ಮೇಲೆ ಕೂರುತ್ತೇವೆ. ಅವರೆಕಾಯಿ ಸುಲಿಯುತ್ತೇವೆ. ಕಷ್ಟ ಸುಖ ಮಾತಾಡುತ್ತೇವೆ.

ರಾತ್ರಿ ಚಳಿ ಇನ್ನೂ ಜಾಸ್ತಿ. ಕೆಲವರು ಕೋಣೆಯೊಳಗೆ ಕೆಂಡ ಇಡುತ್ತಾರೆ. ಬಾಣಂತಿಯ ಮಂಚದ ಕೆಳಗೂ ಇಡುತ್ತಾರೆ. ಬಾಗಿಲು, ಕಿಟಕಿ ಮುಚ್ಚಿ ಮಲಗುತ್ತಾರೆ. ಇದು ಪ್ರಾಣಕ್ಕೆ ಅಪಾಯ!

ಯಾಕೆ ಗೊತ್ತೇ? ಕೆಂಡದಿಂದ ವಿಷಗಾಳಿ ಬರುತ್ತದೆ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್. ಅದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ಹೊಗೆ ನಿಂತರೂ ಅದು ಬರುತ್ತಲೇ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ಆಮೇಲೆ ಎಚ್ಚರ ತಪ್ಪುತ್ತದೆ. ನಿದ್ದೆಯಲ್ಲಿದ್ದವರಿಗೆ ಇದು ತಿಳಿಯುವುದೇ ಇಲ್ಲ. ಜೀವವೇ ಹೋಗಬಹುದು.

ಹಾಗಾದರೆ ಏನು ಮಾಡೋಣ?

ಕೆಂಡವನ್ನು ಅಂಗಳದಲ್ಲೇ ಕಾಯಿಸಿಕೊಳ್ಳೋಣ. ಮಲಗುವ ಮುಂಚೆ ನೀರು ಹಾಕಿ ಆರಿಸೋಣ. ಬಾಣಂತಿಗೆ ಕಂಬಳಿ, ಕೂಸಿಗೆ ಕುಲಾವಿ ಹಾಕೋಣ. ಯಾರಿಗಾದರೂ ತಲೆ ಸುತ್ತಿದರೆ ಬಾಗಿಲು ತೆರೆಯೋಣ. ಅವರನ್ನು ಹೊರಗೆ ಗಾಳಿಗೆ ಕರೆತರೋಣ. ಕೂಡಲೇ 108ಕ್ಕೆ ಫೋನ್ ಮಾಡೋಣ.

ಈ ಪಾಠವನ್ನು ಪಕ್ಕದ ಮನೆಯ ಅಕ್ಕನಿಗೂ ಓದಿ ಹೇಳೋಣ.