ಸ್ವಿಚ್ ಆಫ್ ಇದ್ದರೂ ಕರೆಂಟ್ ಹೊಡೆದದ್ದೇಕೆ?

ನಮ್ಮಣ್ಣ ದನದ ಕೊಟ್ಟಿಗೆಗೆ ತಾನೇ ವೈರ್ ಎಳೆದು ಬಲ್ಬು ಹಾಕಿದ. ಸ್ವಿಚ್ ಹಾಕಿದರೆ ಹತ್ತುತ್ತಿತ್ತು, ತೆಗೆದರೆ ಆರುತ್ತಿತ್ತು. ಎಲ್ಲಾ ಸರಿ ಇದೆ ಅಂದುಕೊಂಡೆವು. ಒಂದು ದಿನ ಬಲ್ಬು ಸುಟ್ಟುಹೋಯಿತು. ನಾನು ಸ್ವಿಚ್ ಆಫ್ ಮಾಡಿಯೇ ಬಲ್ಬು ಬಿಚ್ಚಿದೆ. ಹೋಲ್ಡರ್ ಒಳಗೆ ಬೆರಳು ತಾಗಿ ಜುಂ ಅಂತ ಹೊಡೆಯಿತು! ಪುಣ್ಯಕ್ಕೆ ಕೈ ಬಿಟ್ಟುಬಂತು.

ಮರುದಿನ ವೈರ್‌ಮನ್ ಮಾಮ ಬಂದರು. ಸ್ವಿಚ್ ಆಫ್ ಇದ್ದಾಗಲೇ ಹೋಲ್ಡರಿಗೆ ಟೆಸ್ಟರ್ ಇಟ್ಟರು. ಟೆಸ್ಟರ್ ಉರಿಯಿತು! ಅವರು ಹೇಳಿದ ಕಾರಣ ಹೀಗಿದೆ. ಬಲ್ಬಿಗೆ ಎರಡು ವೈರು ಬೇಕು: ಫೇಸ್ ಮತ್ತು ನ್ಯೂಟ್ರಲ್. 230 ವೋಲ್ಟ್ ಇರುವುದು ಫೇಸಿನಲ್ಲಿ. ಆದ್ದರಿಂದ ಸ್ವಿಚ್ಚು ಫೇಸ್ ವೈರಿನಲ್ಲೇ ಇರಬೇಕು. ಅಣ್ಣ ಗೊತ್ತಾಗದೆ ನ್ಯೂಟ್ರಲ್ಲಿಗೆ ಕೊಟ್ಟಿದ್ದ. ಆಫ್ ಮಾಡಿದರೆ ವಿದ್ಯುತ್ ಮಂಡಲ ಕಡಿದು ಬಲ್ಬು ಆರುತ್ತದೆ. ಆದರೆ ಫೇಸ್ ಮಾತ್ರ ಹೋಲ್ಡರಿನ ತನಕ ಬಂದೇ ಇರುತ್ತದೆ. ಮುಟ್ಟಿದವರ ಮೈಯೊಳಗಿಂದ ನೆಲಕ್ಕೆ ಹರಿಯುತ್ತದೆ.

ಮಾಮ ಮೇನ್ ಆಫ್ ಮಾಡಿ, ಫೇಸನ್ನು ಸ್ವಿಚ್ಚಿನ ಮೂಲಕ, ನ್ಯೂಟ್ರಲ್ಲನ್ನು ನೇರವಾಗಿ ಹೋಲ್ಡರಿಗೆ ಕೊಟ್ಟರು. ಈಗ ಸ್ವಿಚ್ ಆಫ್ ಇದ್ದರೆ ಟೆಸ್ಟರ್ ಉರಿಯಲ್ಲ. ಅಮ್ಮ ದಿನಾ ಆ ಒದ್ದೆ ನೆಲದಲ್ಲೇ ಬರಿಗಾಲಲ್ಲಿ ನಿಂತು ಸಗಣಿ ಬಾಚುವುದು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನೆನಪಿಡಿ: ಬಲ್ಬು ಆರಿದ ಮಾತ್ರಕ್ಕೆ ಕರೆಂಟ್ ಹೋಯಿತು ಅಂತಲ್ಲ. ಬಲ್ಬು ಬದಲಿಸುವಾಗಲೂ ದೊಡ್ಡವರಿಗೆ ಹೇಳಿ ಮೇನ್ ಆಫ್ ಮಾಡಿಸಿ. ವೈರಿಂಗನ್ನು ಬಲ್ಲವರಿಗೇ ಬಿಡಿ.