ತೇವದ ಗೋಡೆ, ಮಗುವಿನ ಕೆಮ್ಮು

ಕಳೆದ ಮಳೆಗಾಲದ ಮಾತು. ತಾಯಿಯೊಬ್ಬರು ಐದು ವರ್ಷದ ಮಗನನ್ನು ನನ್ನ ಬಳಿ ಕರೆತಂದರು. ಹಗಲೆಲ್ಲ ಆಡಿಕೊಂಡಿರುವ ಮಗು ರಾತ್ರಿ ಎರಡು ಗಂಟೆಯ ಹೊತ್ತಿಗೆ ಎದ್ದು ಕೂತು ಕೆಮ್ಮುತ್ತಿತ್ತು. ಎದೆಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದಂತಹ ಸದ್ದು. ಒಂದೂವರೆ ತಿಂಗಳಲ್ಲಿ ಮೂರು ಬಾರಿ ಬಂದರು; ಮೂರು ಬಾರಿಯೂ ಔಷಧಿ ಬರೆದುಕೊಟ್ಟೆ. ಔಷಧಿ ಇರುವಷ್ಟು ದಿನ ಗುಣ, ಮುಗಿದರೆ ಮತ್ತೆ ಅದೇ ಕಥೆ. ನಾಲ್ಕನೆಯ ಸಲ, ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ‘ಮಗು ಮಲಗುವ ಕೋಣೆ ಹೇಗಿದೆಯಮ್ಮಾ?’

‘ಬಾಡಿಗೆ ಮನೆ ಡಾಕ್ಟ್ರೇ. ಮೇಲಿನ ಮನೆಯ ಬಚ್ಚಲಿಂದ ನೀರು ಜಿನುಗಿ ಗೋಡೆ ಕಪ್ಪಗಾಗಿದೆ. ಕಾಣದಿರಲಿ ಅಂತ ಬೀರು ಅಡ್ಡ ಇಟ್ಟಿದ್ದೇವೆ. ಓನರ್‌ಗೆ ಹೇಳಿದರೆ ಮನೆ ಖಾಲಿ ಮಾಡಿ ಅಂದಾರು ಅಂತ ಭಯ’ ಎಂದರು ಆಕೆ.

ಮಗುವಿನ ಕಾಯಿಲೆಯ ಒಂದು ಬೇರು ಆ ಬೀರುವಿನ ಹಿಂದಿತ್ತು.

ಏಕೆ ಹೀಗಾಗುತ್ತದೆ?

ನೆನೆದ ಗೋಡೆ, ಹಾಸಿಗೆ, ರಟ್ಟು, ಬಟ್ಟೆಗಳು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಅಲ್ಲಿ ಬೂಷ್ಟು ಬೆಳೆಯತೊಡಗುತ್ತದೆ. ಇದೊಂದು ಶಿಲೀಂಧ್ರ. ಇದರ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ತೇಲಿ, ಉಸಿರಿನೊಡನೆ ಮೂಗು ಮತ್ತು ಶ್ವಾಸನಾಳಗಳನ್ನು ಸೇರುತ್ತವೆ. ಅಲರ್ಜಿಯ ಗುಣ ಇರುವವರಲ್ಲಿ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ. ಆಗ ಬೆಳಗಿನ ಹೊತ್ತು ಸಾಲುಸೀನು, ಮೂಗು ಸೋರುವುದು, ಕಣ್ಣು ತುರಿಕೆ, ರಾತ್ರಿ ಕೆಮ್ಮು, ಉಬ್ಬಸ ಕಾಣಿಸಿಕೊಳ್ಳುತ್ತವೆ. ಮಕ್ಕಳು, ವೃದ್ಧರು, ಆಸ್ತಮಾ ಇರುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ತೊಂದರೆ ಹೆಚ್ಚು. ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ.

ಇದು ಸಣ್ಣ ವಿಷಯವೆಂದು ತಿಳಿಯಬೇಡಿ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬಾಡಿಗೆ ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದೇ ಕಾರಣವೆಂದು 2022ರಲ್ಲಿ ವಿಚಾರಣೆ ತೀರ್ಮಾನಿಸಿತು. ತಂದೆ ದೂರು ಕೊಟ್ಟಾಗ ಮೇಲೆ ಬಣ್ಣ ಬಳಿಯಿರಿ ಎಂಬ ಸಲಹೆ ಸಿಕ್ಕಿತ್ತು. 2023ರಲ್ಲಿ ಅಲ್ಲಿ ಆ ಮಗುವಿನ ಹೆಸರಿನಲ್ಲೇ ಕಾನೂನು ಬಂತು.

ಮನೆ ಹಿಡಿಯುವ ಮುನ್ನ

* ಮುಗ್ಗಲು ವಾಸನೆ ಇದೆಯೇ ಗಮನಿಸಿ. ಚಾವಣಿಯ ಮೂಲೆ, ಸಿಂಕಿನ ಕೆಳಭಾಗ, ಬಚ್ಚಲಿನ ಆಚೆ ಬದಿಯ ಗೋಡೆಗಳನ್ನು ನೋಡಿ. ಉಬ್ಬಿದ ಬಣ್ಣ, ಉದುರುವ ಗಾರೆ, ಬಿಳಿ ಉಪ್ಪಿನ ಪದರ ತೇವದ ಗುರುತುಗಳು.
* ಒಂದೇ ಕಡೆ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ. ಮಳೆಗಾಲದಲ್ಲಿ ಮನೆ ಹೇಗಿರುತ್ತದೆಂದು ನೆರೆಯವರನ್ನು ವಿಚಾರಿಸಿ.
* ಎಲ್ಲ ನಲ್ಲಿಗಳನ್ನು ನಿಲ್ಲಿಸಿದ ಮೇಲೂ ನೀರಿನ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. (ಟ್ಯಾಂಕು, ಸಂಪು ತುಂಬಿದ ಮೇಲೆ ಈ ಪರೀಕ್ಷೆ ಮಾಡಿ.)
* ಯಾವ ರಿಪೇರಿ ಯಾರದೆಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ನೀರು ಜಿನುಗತೊಡಗಿದರೆ

ಸ್ವಿಚ್‌ಬೋರ್ಡಿನ ಬಳಿ ಗೋಡೆ ನೆನೆದಿದ್ದರೆ ಅದನ್ನು ಮುಟ್ಟಬೇಡಿ. ಸುರಕ್ಷಿತವಾಗಿ ಸಾಧ್ಯವಾದರೆ ಮೊದಲು ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಹಾಸಿಗೆ, ಬಟ್ಟೆ, ಪುಸ್ತಕಗಳನ್ನು ಆ ಕೋಣೆಯಿಂದ ತೆಗೆಯಿರಿ. ಕಿಟಕಿ ತೆರೆದು ಫ್ಯಾನ್ ಹಾಕಿ ಅಂದೇ ಒಣಗಿಸಿ. ಬೂಷ್ಟು ಹಿಡಿದ ಹತ್ತಿಯ ಹಾಸಿಗೆ, ದಿಂಬು, ರಟ್ಟಿನ ಪೆಟ್ಟಿಗೆಗಳ ಮೇಲೆ ಮೋಹ ಬೇಡ, ಬಿಸಾಡಿ.

ಸಣ್ಣ ಜಾಗದಲ್ಲಿ ಬೂಷ್ಟು ಇದ್ದರೆ ಮನೆಯವರೇ ಶುಚಿ ಮಾಡಬಹುದು. ಮಾಸ್ಕ್, ಕೈಗವಸು ಧರಿಸಿ, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಒರೆಸಿ ಒಣಗಿಸಿ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಆಸ್ತಮಾ ಇರುವವರು ಆ ಹೊತ್ತು ಹೊರಗಿರಲಿ. ಬ್ಲೀಚಿಂಗ್ ಪುಡಿಯನ್ನು ಆಸಿಡ್‌ನೊಂದಿಗೆ ಎಂದಿಗೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಇನ್ನೊಂದು ಮಾತು: ಸೋರಿಕೆ ನಿಲ್ಲಿಸದೆ ಸುಣ್ಣ ಬಣ್ಣ ಬಳಿಯುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ.

ಮಳೆನೀರು ಅಥವಾ ಚರಂಡಿ ನೀರು ಸಂಪಿಗೆ ನುಗ್ಗಿದ್ದರೆ ಟೈಫಾಯ್ಡ್, ಕಾಮಾಲೆ, ವಾಂತಿಭೇದಿಯ ಭಯವಿದೆ. ಸಂಪನ್ನು ಖಾಲಿ ಮಾಡಿಸಿ, ಉಜ್ಜಿ ತೊಳೆಸಿ. ಹೊಸ ನೀರಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಬೆರೆಸಿ ಒಂದು ಗಂಟೆ ಬಿಡಿ. ಕುಡಿಯುವ ನೀರನ್ನು ಕುದಿಸಿ ಆರಿಸಿಯೇ ಕುಡಿಯಿರಿ. ತಾರಸಿಯಲ್ಲಿ ನಿಂತ ನೀರು ಡೆಂಗೆ ಸೊಳ್ಳೆಗೆ ತೊಟ್ಟಿಲು. ವಾರಕ್ಕೊಮ್ಮೆಯಾದರೂ ನೀರು ಹೋಗುವ ಕಿಂಡಿಯ ಕಸ ತೆಗೆಯಿರಿ.

ಬೀರುವನ್ನು ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಬಿಸಿಲು ಬಂದಾಗ ಕಿಟಕಿ ತೆರೆಯಿರಿ.

ಮಾಲೀಕರಿಗೆ ಹೇಗೆ ಹೇಳುವುದು?

ಬಾಯಿಮಾತು ಮರೆತುಹೋಗುತ್ತದೆ. ದಿನಾಂಕ ಹಾಕಿ, ಫೋಟೊ ಸಹಿತ, ಸೌಜನ್ಯದಿಂದ ಬರೆದು ತಿಳಿಸಿ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನಂತೆ, ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಬಳಿಕವೂ ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಕರಾರಿನಲ್ಲಿ ಬೇರೆ ಷರತ್ತು ಇರಬಹುದಾದ್ದರಿಂದ ಮೊದಲು ವಕೀಲರನ್ನು ಕೇಳಿ. ಮಾಲೀಕರೂ ಯೋಚಿಸಲಿ: ಇಂದು ಪೈಪು ಸರಿಪಡಿಸುವ ಖರ್ಚು, ನಾಳೆ ತುಕ್ಕು ಹಿಡಿದ ಕಬ್ಬಿಣ ಗಾರೆಯನ್ನು ಸೀಳಿದಾಗ ಆಗುವ ಖರ್ಚಿಗಿಂತ ಬಹಳ ಕಡಿಮೆ.

ಆ ಹುಡುಗನ ತಂದೆ ಧೈರ್ಯ ಮಾಡಿ ಪತ್ರ ಬರೆದರು. ಮಾಲೀಕರು ಬಂದು, ಬೀರು ಸರಿಸಿ ನೋಡಿ, ‘ಇಷ್ಟಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ’ ಎಂದರಂತೆ. ಮೇಲಿನ ಬಚ್ಚಲಿನ ಪೈಪು ಬದಲಾಯಿತು, ಗೋಡೆ ಒಣಗಿದ ಮೇಲೆ ಹೊಸ ಗಾರೆ ಬಂತು. ಅಷ್ಟು ದಿನ ಮಗುವನ್ನು ಹಜಾರದಲ್ಲಿ ಮಲಗಿಸಿದರು. ಇನ್ಹೇಲರ್ ಪೂರ್ತಿ ನಿಂತಿಲ್ಲ, ನಿಲ್ಲಿಸಲೂ ಬಾರದು. ಆದರೆ ರಾತ್ರಿಯ ಕೆಮ್ಮು ನಿಂತಿದೆ. ಮಗು ಮಾತನಾಡುವಾಗ ಏದುಸಿರು ಬಂದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಸೆಳೆದರೆ, ತುಟಿ ನೀಲಿಯಾದರೆ ಮಾತ್ರ ಗೋಡೆಯ ಯೋಚನೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂದು ಸಂಜೆ ನಿಮ್ಮ ಮನೆಯ ಬೀರುವನ್ನೂ ಒಮ್ಮೆ ಸರಿಸಿ ನೋಡಿ.